‘ರನ್’ ಕ್ರಿಯಾಪದದ ಟಿಪ್ಪಣಿ: ಓಡುವುದು, ಓಡಿಸುವುದು, ಹರಿಯುವುದು

ಇಂಗ್ಲಿಷಿನ ‘ರನ್’ ಕ್ರಿಯಾಪದದ ಅರ್ಥಗಳನ್ನು ಕನ್ನಡ ಓದುಗರಿಗಾಗಿ ವಿಂಗಡಿಸುವ ನನ್ನ ಕೆಲಸ ಈ ತಿಂಗಳು ಒಂದು ಮುಖ್ಯ ಘಟ್ಟವನ್ನು ದಾಟಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ದೀರ್ಘವಾದ ನಮೂದು ‘ಸೆಟ್’ ಪದದ್ದಾಗಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಸಂಪಾದಕ ಪೀಟರ್ ಗಿಲಿವರ್ ಸುಮಾರು ಒಂಬತ್ತು ತಿಂಗಳು ದುಡಿದು ಈ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಗುರುತಿಸಿದರು.

ಅಷ್ಟನ್ನೂ ಸಾಲಾಗಿ ಬರೆದಿಟ್ಟರೆ ಕಲಿಯುವವರಿಗೆ ದಾರಿ ಕಾಣುವುದಿಲ್ಲವಾದ್ದರಿಂದ, ತಾನಾಗಿ ಆಗುವುದನ್ನು ಹೇಳುವ ವಾಕ್ಯಗಳನ್ನೂ ಮತ್ತೊಬ್ಬರು ಆಗಿಸುವುದನ್ನು ಹೇಳುವ ವಾಕ್ಯಗಳನ್ನೂ ಮೊದಲು ಬೇರ್ಪಡಿಸಿದೆ. ನಮ್ಮಲ್ಲಿ ಯಂತ್ರ ಓಡುತ್ತದೆ, ಕೆಲಸಗಾರ ಅದನ್ನು ಓಡಿಸುತ್ತಾನೆ. ‘ಇಸು’ ಪ್ರತ್ಯಯವೇ ವ್ಯತ್ಯಾಸವನ್ನು ತೋರಿಸಿಬಿಡುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ. ಹಳೆಯ ಇಂಗ್ಲಿಷಿನಲ್ಲಿ ಮಾತ್ರ ಓಡುವುದಕ್ಕೊಂದು, ಓಡಿಸುವುದಕ್ಕೆ ಅದರ ಪ್ರೇರಣಾರ್ಥಕವಾದ ಇನ್ನೊಂದು ಕ್ರಿಯಾಪದವಿದ್ದು, ಕಾಲಾಂತರದಲ್ಲಿ ಅವು ಬೆರೆತುಹೋದವು. ಅರ್ಥಗಳ ಸಂಖ್ಯೆ ಇಷ್ಟು ಬೆಳೆಯಲು ಈ ಬೆರಕೆಯೂ ಒಂದು ಕಾರಣವೆಂದು ನನಗೆ ತೋರುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ನೀರಿನ ಗುಂಪು. ಕನ್ನಡದಲ್ಲಿ ನದಿ ಹರಿಯುತ್ತದೆ, ನೆಗಡಿಯಾದರೆ ಮೂಗು ಸೋರುತ್ತದೆ, ಹೊಸ ಸೀರೆಯನ್ನು ಒಗೆದರೆ ಬಣ್ಣ ಬಿಡುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲವೂ ‘ರನ್’ ಆಗುತ್ತವೆ. ಕಾಲಿನ ಓಟದಿಂದ ಆಮೇಲೆ ಹುಟ್ಟಿದ ಲಾಕ್ಷಣಿಕ ಪ್ರಯೋಗಗಳೆಂದು ಇವನ್ನು ಕೊನೆಗೆ ತಳ್ಳುವುದು ಸುಲಭ, ಆದರೆ ಹರಿಯುವ ಅರ್ಥ ಹಳೆಯ ಇಂಗ್ಲಿಷಿನಲ್ಲಿಯೇ ಇತ್ತು. ಅದರ ಬಂಧುವಾದ ಜರ್ಮನ್ ಭಾಷೆಯಲ್ಲಿ ‘ರಿನ್ನೆನ್’ ಎಂದರೆ ಹರಿಯುವುದು, ‘ರೆನ್ನೆನ್’ ಎಂದರೆ ಓಡುವುದು. ನಮ್ಮ ಹಳಗನ್ನಡದ ‘ಪರಿ’ ಎಂಬ ಧಾತುವಿಗೂ ಓಡು, ಹರಿ ಎಂಬ ಎರಡೂ ಅರ್ಥಗಳಿದ್ದವು. ಹೀಗಾಗಿ ನೀರಿನ ಗುಂಪನ್ನು ಓಟದ ಪಕ್ಕದಲ್ಲಿಯೇ ಇರಿಸಿದ್ದೇನೆ.

ಕಂಪ್ಯೂಟರ್ ಪ್ರೋಗ್ರಾಂ, ಅಂಗಡಿ, ನೂರು ದಿನ ಓಡಿದ ಸಿನಿಮಾ ಇವು ಹೆಚ್ಚು ತೊಡಕಿಲ್ಲದೆ ಮುಗಿದವು. ಚುನಾವಣೆಯ ಅರ್ಥಕ್ಕೆ ಮಾತ್ರ ಒಂದು ವಿವರಣೆ ಬೇಕಾಯಿತು: ಅಮೆರಿಕದ ಅಭ್ಯರ್ಥಿ ‘ರನ್’ ಮಾಡಿದರೆ ಬ್ರಿಟನ್ನಿನ ಅಭ್ಯರ್ಥಿ ನಮ್ಮವರಂತೆ ಚುನಾವಣೆಗೆ ನಿಲ್ಲುತ್ತಾನೆ.

‘ಔಟ್’, ‘ಇನ್‌ಟು’, ‘ಓವರ್’ ಮುಂತಾದವುಗಳೊಡನೆ ಸೇರಿದ ರೂಪಗಳು ಇನ್ನೂ ಉಳಿದಿವೆ. ‘ರನ್ ಔಟ್’ ಎಂದೊಡನೆ ನಮಗೆ ಕ್ರಿಕೆಟ್ ನೆನಪಾಗುವುದರಿಂದ, ಡಬ್ಬಿಯ ಸಕ್ಕರೆ ತೀರಿಹೋಗುವ ಅರ್ಥವನ್ನು ಮೊದಲಿಗಿಟ್ಟು ಅಲ್ಲಿಂದ ಮುಂದುವರಿಯಲಿದ್ದೇನೆ.