ಎರಡು ಇಂಚಿನ ಫೋಮ್

ಕಳೆದ ವಾರ ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ ಹೊರಗೆ ಕೆಂಪು ಬಾವುಟ ಹಿಡಿದ ಮೂರ್ನಾಲ್ಕು ಜನ ಸಹಿ ಸಂಗ್ರಹ ಮಾಡುತ್ತಿದ್ದರು. ರೈಲ್ವೆ ಖಾಸಗಿಯವರಿಗೆ ಬೇಡ ಅಂತ. ನಾನು ಸಹಿ ಹಾಕಿದೆ. ಜೊತೆಗಿದ್ದ ಭಾವ ಹಾಕಲಿಲ್ಲ. "ಎಂತ ಮಾರಾಯ, ಖಾಸಗಿಯವರು ಬಂದರೆ ಬಾಗಿಲಲ್ಲಿ ನೇತಾಡೋದಾದ್ರೂ ತಪ್ಪುತ್ತೆ" ಅಂದರು.

ಅವರ ಸಿಟ್ಟು ಸುಳ್ಳಲ್ಲ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಲ್ಲಿ ನಿಂತಿದ್ದವರು ಹಳಿಗೆ ಬಿದ್ದು ಸತ್ತರು. ಅದು ನಾನು ದಿನಾ ಹೋಗುವ ದಾರಿ. ಅವತ್ತು ಊರಿಂದ ಅಮ್ಮ ಎಷ್ಟು ಸಲ ಫೋನ್ ಮಾಡಿದರೋ ಲೆಕ್ಕವಿಲ್ಲ. ರೈಲು ಸರ್ಕಾರದ್ದೇ ಆಗಿತ್ತು, ಅಲ್ವಾ?

ಆದರೂ ನಾನು ಸಹಿ ಹಾಕಿದೆ. ಖಾಸಗಿ ರೈಲು ಮುಂಬೈಗೆ ಹೊಸದೇನಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ಮೊದಲ ರೈಲೇ ಖಾಸಗಿ ಕಂಪನಿಯದ್ದು, ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯದ್ದು. ಹಣ ಹಾಕಿದವರಿಗೆ ವರ್ಷಕ್ಕೆ ಶೇ 5ರಷ್ಟು ಪ್ರತಿಫಲ ಗ್ಯಾರಂಟಿ. ಅಷ್ಟು ಸಂಪಾದನೆ ಆಗದಿದ್ದರೆ ಉಳಿದದ್ದನ್ನು ನಮ್ಮ ಜನರ ತೆರಿಗೆಯಿಂದ ತುಂಬಿಕೊಡುವುದು. ಲಾಭ ಅವರದ್ದು, ನಷ್ಟ ನಮ್ಮದು. 1925ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತಗೊಂಡಿತು.

ಬ್ರಿಟನ್ನಿನವರೂ ಈ ಪಾಠ ಕಲಿತರು, ಮರೆತರು, ಮತ್ತೆ ಕಲಿಯುತ್ತಿದ್ದಾರೆ. 1948ರಲ್ಲಿ ಲೇಬರ್ ಸರ್ಕಾರ ರೈಲನ್ನು ರಾಷ್ಟ್ರೀಕರಣ ಮಾಡಿತು. 90ರ ದಶಕದಲ್ಲಿ ಕನ್ಸರ್ವೇಟಿವ್ ಸರ್ಕಾರ ತುಂಡು ತುಂಡು ಮಾಡಿ ಮಾರಿತು. ಹಳಿ ರೈಲ್‌ಟ್ರ್ಯಾಕ್ ಅನ್ನೋ ಕಂಪನಿಗೆ ಹೋಯಿತು. 2000ದ ಅಕ್ಟೋಬರಿನಲ್ಲಿ ಹ್ಯಾಟ್‌ಫೀಲ್ಡ್‌ನಲ್ಲಿ ಹಳಿ ಒಡೆದು ನಾಲ್ಕು ಜನ ಸತ್ತರು. ಆ ಹಳಿ ಕೆಟ್ಟಿದೆ ಅಂತ ಮೊದಲೇ ಗೊತ್ತಿತ್ತು, ಬದಲಾಯಿಸಿರಲಿಲ್ಲ. ಮರುವರ್ಷ ಕಂಪನಿಯೇ ಕುಸಿಯಿತು. ಈಗ ಲೇಬರ್ ಪಕ್ಷ 2024ರಲ್ಲಿ ಕಾನೂನು ಮಾಡಿ ರೈಲು ಓಡಿಸುವ ಕೆಲಸವನ್ನು ಒಂದೊಂದೇ ಕಂಪನಿಯಿಂದ ವಾಪಸ್ ತಗೊಳ್ತಿದೆ. ಬೋಗಿಗಳು ಮಾತ್ರ ಇನ್ನೂ ಹೆಚ್ಚಾಗಿ ಖಾಸಗಿಯವರದ್ದೇ, ಅದಕ್ಕೆ ಬಾಡಿಗೆ ಕಟ್ಟಬೇಕು. ಮಾರೋದು ಸುಲಭ, ಬಿಡಿಸಿಕೊಳ್ಳೋದು ಕಷ್ಟ.

ಭಾವನಿಗೆ ಇದನ್ನೆಲ್ಲ ಹೇಳಿದೆ. "ಅದು ಬಿಡು, ನಿನ್ನ ಎಡಪಕ್ಷದವರು ರೈಲಿಗೆ ಏನು ಮಾಡಿದ್ದಾರೆ ಹೇಳು" ಅಂದರು.

ಮಾಡಿದ್ದಾರೆ. ಮಧು ದಂಡವತೆ ಸಮಾಜವಾದಿ, ಕೊಂಕಣದ ರಾಜಾಪುರದ ಸಂಸದ. 1977ರಲ್ಲಿ ರೈಲ್ವೆ ಮಂತ್ರಿಯಾದರು. ಅಲ್ಲಿಯವರೆಗೆ ಎರಡನೇ ದರ್ಜೆಯ ಸ್ಲೀಪರ್ ಅಂದರೆ ಬರೀ ಮರದ ಹಲಗೆ. ಹೋಲ್ಡಾಲ್ ಬಿಚ್ಚಿ ಹಾಸಿಕೊಂಡರೂ ಬೆಳಗ್ಗೆ ಸೊಂಟ ಹಿಡಿದಿರುತ್ತಿತ್ತು ಅಂತ ದೊಡ್ಡಪ್ಪ ಹೇಳುತ್ತಿದ್ದರು. ದಂಡವತೆ ಆ ಹಲಗೆಗೆ ಎರಡು ಇಂಚು ಫೋಮ್ ಹಾಕಿಸಿದರು. ಅಷ್ಟೇ. ಮೊದಲ ದರ್ಜೆಯನ್ನು ಇಳಿಸದೆ ಎರಡನೇ ದರ್ಜೆಯನ್ನು ಮೇಲೆತ್ತಿದರು. ಇವತ್ತು ಸ್ಲೀಪರಿನಲ್ಲಿ ಮಲಗುವ ಕೋಟ್ಯಂತರ ಜನರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು?

ಇನ್ನೊಬ್ಬರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 1974ರ ಮೇ ತಿಂಗಳಲ್ಲಿ ಇಪ್ಪತ್ತು ದಿನ ರೈಲ್ವೆ ಮುಷ್ಕರ ನಡೆಸಿದವರು. ಅವರೇ 1989ರ ಕೊನೆಗೆ ರೈಲ್ವೆ ಮಂತ್ರಿಯಾದರು, ಹಣಕಾಸು ಮಂತ್ರಿ ಅದೇ ದಂಡವತೆ. ಕರಾವಳಿಯ ಇಬ್ಬರು ಸಮಾಜವಾದಿಗಳು ಒಟ್ಟಿಗೆ ಸಿಕ್ಕಿದ್ದರಿಂದ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಕೇಂದ್ರ, ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಸೇರಿ ಬಂಡವಾಳ ಹಾಕಿದವು, ಉಳಿದದ್ದನ್ನು ಬಾಂಡ್ ಮೂಲಕ ಸಾಲ ಎತ್ತಿದರು. 1998ರ ಜನವರಿಯಲ್ಲಿ ಪೂರ್ತಿ ದಾರಿ ತೆರೆಯಿತು. ಅದಕ್ಕೂ ಮೊದಲು ಮುಂಬೈನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮವರು ಊರಿಗೆ ಹೋಗಬೇಕಾದರೆ ಘಾಟಿಯಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ ಹೋಗಬೇಕಿತ್ತು.

ಆದರೆ ಇಲ್ಲೂ ಒಂದು ಮಾತಿದೆ. ಮುಂಬೈಯಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೆಟಿನಲ್ಲಿ ಬರೆದಿರುವ ಕಿಲೋಮೀಟರ್ ನೋಡಿ, ರೈಲು ನಿಜಕ್ಕೂ ಓಡುವುದಕ್ಕಿಂತ ಜಾಸ್ತಿ ಇರುತ್ತದೆ. ಕೊಂಕಣ ದಾರಿಯಲ್ಲಿ ದೂರವನ್ನು ಶೇ 40ರಷ್ಟು ಹಿಗ್ಗಿಸಿ ದರ ಹಾಕುತ್ತಾರೆ. ಆ ಸಾಲದ ಭಾರವನ್ನು ಸ್ಲೀಪರಿನವರೂ ಹೊತ್ತರು. ಸಾರ್ವಜನಿಕ ಸಂಸ್ಥೆಯೇ ಇದನ್ನು ಮಾಡಿದ್ದು. ಇದರ ಬಗ್ಗೆ ಎಡಪಕ್ಷಗಳ ಭಾಷಣ ನಾನು ಕೇಳಿಲ್ಲ.

ನನಗೆ ಬೇಸರ ಇದೇ. ಮಾರಬೇಡಿ ಅನ್ನೋದು ಸರಿ, ನೂರಕ್ಕೆ ನೂರು ಸರಿ. ಐದು ರೂಪಾಯಿ ಟಿಕೆಟಿನ ಲೋಕಲನ್ನು ಲಾಭಕ್ಕೆ ಓಡಿಸುವವನು ಮೊದಲು ಮಾಡೋ ಕೆಲಸ ದರ ಏರಿಸೋದು. ಆದರೆ ನಮ್ಮದೇ ರೈಲಿನಲ್ಲಿ ಜನರಲ್ ಬೋಗಿ ಎಷ್ಟು, ಹದಿನೈದು ಬೋಗಿಯ ಲೋಕಲ್ ಮಧ್ಯ ರೈಲ್ವೆಯಲ್ಲಿ ಯಾಕೆ ಇಷ್ಟು ಕಡಿಮೆ, ಇದನ್ನು ದಿನಾ ಕೇಳುವ ಪಕ್ಷ ಬೇಕು. ಮಾರಾಟದ ಸುದ್ದಿ ಬಂದಾಗ ಮಾತ್ರ ಸ್ಟೇಷನ್ನಿಗೆ ಬಂದರೆ ಭಾವನಂಥವರು ಯಾಕೆ ನಂಬುತ್ತಾರೆ?

ಇದನ್ನೇ ಸಹಿ ತಗೊಳ್ತಿದ್ದ ಹುಡುಗನಿಗೆ ಮರಾಠಿಯಲ್ಲಿ ಹೇಳಿದೆ. ಅವನು ವಾದ ಮಾಡಲಿಲ್ಲ. ಕರಪತ್ರ ತಿರುಗಿಸಿ, "ಪಂಧರಾ ಡಬ್ಬಾ", ಅಂದರೆ ಹದಿನೈದು ಬೋಗಿ, ಅಂತ ಬರೆದುಕೊಂಡ. ಆಮೇಲೆ ಪೆನ್ನನ್ನು ಭಾವನ ಕಡೆ ಚಾಚಿದ. ಭಾವ ಸ್ವಲ್ಪ ಹೊತ್ತು ನೋಡಿ, "8.23 ತಪ್ಪಿಹೋಗುತ್ತೆ, ನಡಿ" ಅಂದರು.