ಫ್ಯಾಂಟಸಿ ಪಟ್ಟಿ: ಬೇತಾಳಕ್ಕೆ ಕೊನೆಗೂ ಜಾಗ ಸಿಕ್ಕಿತು

ಪಟ್ಟಿಯ ಮೊದಲ ಸ್ಥಾನ ತುಂಬಿತು! ಜಗತ್ತಿನ ಹನ್ನೆರಡು ಶ್ರೇಷ್ಠ ಫ್ಯಾಂಟಸಿ ಸಣ್ಣಕಥೆಗಳನ್ನು ಆರಿಸಿ, ಕಾಲಾನುಕ್ರಮದಲ್ಲಿ ಜೋಡಿಸಿ, ನಮ್ಮ ದಾವಣಗೆರೆಯ ಓದುಗೂಟಕ್ಕಾಗಿ ಒಂದೇ ಒಂದು ಪ್ರತಿಯನ್ನು ಕೈಯಾರೆ ಹೊಲಿಯುವ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ಜಾಗವೇ.

ನಿಯಮಗಳನ್ನು ಮತ್ತೆ ವಿವರಿಸುವುದಿಲ್ಲ. ಪಟ್ಟಿ ಮಾಡುವ ಹುಚ್ಚಿರುವವರಿಗೆ ಅವು ಗೊತ್ತೇ ಇವೆ: ಲೇಖಕರಿಗೆ ತಲಾ ಒಂದೇ ಕಥೆ, ವಿಜ್ಞಾನಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯವರು ಸಣ್ಣಕಥೆಗೆ ಹಾಕಿಕೊಂಡಿರುವ 7,500 ಪದಗಳ ಗಡಿ, ಕಾದಂಬರಿಯಿಂದ ಕಿತ್ತ ಅಧ್ಯಾಯಕ್ಕೆ ಪ್ರವೇಶವಿಲ್ಲ. ರವೀಂದ್ರನಾಥ ಠಾಕೂರರ ‘ಕ್ಷುಧಿತ ಪಾಷಾಣ’ (1895), ಬಿಳಿ ಗೋಡೆಯಲ್ಲಿ ಹಸಿರು ಬಾಗಿಲು ಕಾಣುವ ಎಚ್.ಜಿ. ವೆಲ್ಸ್ ಕಥೆ (1906), ತನ್ನ ಕನಸಿನಿಂದ ಇನ್ನೊಬ್ಬ ಮನುಷ್ಯನನ್ನು ಸೃಷ್ಟಿಸುವವನ ಬಗ್ಗೆ ಬೋರ್ಹೆಸ್ ಬರೆದದ್ದು (1940), ಕೆನ್ ಲಿಯು ಅವರ ಕಾಗದದ ಹುಲಿಯ ಕಥೆ (2011) ಗಟ್ಟಿಯಾಗಿ ಕುಳಿತಿವೆ. ಉರ್ಸುಲಾ ಲೆ ಗ್ವಿನ್ ಅವರ ಓಮೆಲಾಸ್ ನಗರದ ಕಥೆಗೆ (1973) ಮಾತ್ರ ಪ್ರತಿ ಸಭೆಯಲ್ಲೂ ವಿರೋಧ ಏಳುತ್ತದೆ. ಅದರಲ್ಲಿ ಹೆಸರಿರುವ ಪಾತ್ರವೇ ಇಲ್ಲ ಎಂಬುದು ಆಕ್ಷೇಪ. ನಾನು ಅದನ್ನು ಬಿಟ್ಟುಕೊಡುವುದಿಲ್ಲ. ಇಡೀ ನಗರದ ಸುಖಕ್ಕೆ ಕತ್ತಲ ಕೋಣೆಯಲ್ಲಿರುವ ಒಂದು ಮಗುವಿನ ನರಳಾಟವೇ ಷರತ್ತು ಎಂದು ಕಥೆ ಹೇಳುತ್ತದೆ. ಆ ಷರತ್ತನ್ನು ಕೊನೆಯವರೆಗೂ ಒಂದಿಷ್ಟೂ ಸಡಿಲಿಸುವುದಿಲ್ಲ. ಫ್ಯಾಂಟಸಿಯಲ್ಲಿ ನಾನು ಹುಡುಕುವುದೇ ಇದನ್ನು. ಅಸಾಧ್ಯವಾದದ್ದನ್ನು ಒಪ್ಪಿಕೊಂಡ ಮೇಲೆ ಅದರ ಕಟ್ಟುಪಾಡಿಗೆ ಕಥೆಗಾರರೂ ತಲೆಬಾಗಬೇಕು.

ಇನ್ನು ಬೇತಾಳ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಸಂಸ್ಕೃತದಲ್ಲಿ ಬರೆದ ‘ಕಥಾಸರಿತ್ಸಾಗರ’ದೊಳಗೆ, ಹೆಣದಲ್ಲಿ ಸೇರಿಕೊಂಡ ಬೇತಾಳ ತನ್ನನ್ನು ಹೊತ್ತ ರಾಜನಿಗೆ ಹೇಳುವ ಈ ಒಗಟಿನ ಕಥೆಗಳಿವೆ. ಅದರ ಮೂಲವೆನ್ನಲಾಗುವ ಗುಣಾಢ್ಯನ ಪೈಶಾಚಿ ‘ಬೃಹತ್ಕಥೆ’ ಕಳೆದುಹೋಗಿದೆ. ‘ಚಂದಮಾಮ’ ಓದಿ ಬೆಳೆದ ನಮಗೆ ಹೆಣ ಹೊತ್ತು ನಡೆಯುವ ರಾಜನ ಆ ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಬೇತಾಳವಿಲ್ಲದ ಫ್ಯಾಂಟಸಿ ಪಟ್ಟಿಗೆ ನಾನಂತೂ ಸಹಿ ಹಾಕಲಾರೆ. ಆದರೆ ಇಪ್ಪತ್ತೈದರಲ್ಲಿ ಯಾವುದನ್ನು ಆರಿಸುವುದು?

ನನ್ನ ಮೊದಲ ಆಯ್ಕೆ ತಲೆ ಅದಲುಬದಲಾಗುವ ಕಥೆ. ಗಂಡ ದೇವಿಯ ಗುಡಿಯಲ್ಲಿ ತನ್ನ ತಲೆಯನ್ನೇ ಕತ್ತರಿಸಿಕೊಳ್ಳುತ್ತಾನೆ, ಅದನ್ನು ಕಂಡ ಹೆಂಡತಿಯ ಅಣ್ಣನೂ ಹಾಗೆಯೇ ಮಾಡುತ್ತಾನೆ. ಪ್ರಾಣ ಬಿಡಲು ಹೊರಟ ಅವಳನ್ನು ದೇವಿ ತಡೆದು, ತಲೆಗಳನ್ನು ಮುಂಡಗಳಿಗೆ ಜೋಡಿಸು ಎನ್ನುತ್ತಾಳೆ. ಗಾಬರಿಯಲ್ಲಿ ಅವಳು ಒಬ್ಬನ ತಲೆಯನ್ನು ಇನ್ನೊಬ್ಬನ ಮೈಗೆ ಇಡುತ್ತಾಳೆ. ಈಗ ಅವಳ ಗಂಡ ಯಾರು? ಗಂಡನ ತಲೆ ಇರುವವನೇ ಗಂಡ, ಏಕೆಂದರೆ ಅಂಗಗಳಲ್ಲಿ ತಲೆಯೇ ಪ್ರಧಾನ ಎಂದು ರಾಜ ತೀರ್ಪು ಕೊಡುತ್ತಾನೆ. ಹೆಣ ಮತ್ತೆ ಮರಕ್ಕೆ ಹಾರುತ್ತದೆ.

ಬಿಡಿಯಾಗಿ ಓದಿದಾಗ ಇದು ಸೊರಗಿ ಹೋಗುತ್ತದೆ. ಇಲ್ಲಿ ಕಥೆ ಮುಗಿಯುವ ಜಾಗದಲ್ಲಿ ನಿಜವಾದ ತೊಡಕು ಶುರುವಾಗುತ್ತದೆ. ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಇದೇ ಎಳೆಯನ್ನು ಹಿಡಿದು, ತಲೆ ಬದಲಾದ ಮೇಲೆ ಮೈಗಳು ಏನಾಗುತ್ತವೆ ಎಂದು ಕೇಳಿದ. ಗಿರೀಶ ಕಾರ್ನಾಡರ ‘ಹಯವದನ’ ಆ ಪ್ರಶ್ನೆಯನ್ನು ಇನ್ನೂ ದೂರ ಒಯ್ದಿತು. ತನ್ನ ಮಕ್ಕಳ ಮುಂದೆಯೇ ಮಂಕಾಗುವ ಕಥೆಯನ್ನು ಶ್ರೇಷ್ಠ ಹನ್ನೆರಡರಲ್ಲಿ ಹೇಗೆ ಕೂರಿಸಲಿ? ಉಳಿದ ಕಥೆಗಳದ್ದೂ ಇದೇ ಪಾಡು. ಹೆಗಲ ಮೇಲಿಂದ ಇಳಿಸಿದ ಕೂಡಲೇ ಜಾಣ ಒಗಟಾಗಿ ಉಳಿಯುತ್ತವೆ.

ದಾರಿ ತೋರಿಸಿದವರು ನಮ್ಮ ಕೂಟದ ಹಿರಿಯ ಸದಸ್ಯರು, ಹರಿಹರದ ನಿವೃತ್ತ ಶಿಕ್ಷಕರು. ಎಲ್ಲರೂ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕುಳಿತಿದ್ದಾಗ ಅವರು ತಮ್ಮ ಊರಿನ ಗುಹಾಸುರನ ಐತಿಹ್ಯವನ್ನು ಎತ್ತಿದರು. ಹರಿಯಿಂದಲೂ ಹರನಿಂದಲೂ ಸಾವು ಬಾರದಿರಲಿ ಎಂದು ಅವನು ಬ್ರಹ್ಮನಿಂದ ವರ ಪಡೆದಿದ್ದ. ವರವನ್ನು ಮುರಿಯುವಂತಿಲ್ಲ. ಹಾಗಾಗಿ ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಕೊಂದರು.

“ಮೇಷ್ಟ್ರೇ, ಬೇತಾಳಕ್ಕೂ ಇದಕ್ಕೂ ಏನು ಸಂಬಂಧ?” ಎಂದು ಕೇಳಿದೆ.

“ವರದಲ್ಲಿ ಸಂದು ಎಲ್ಲಿದೆ ಎಂದು ದೇವರೇ ಹುಡುಕಬೇಕಾಯಿತಲ್ಲ, ನೋಡಿ. ನಿಮ್ಮ ರಾಜ ಯಾವ ಸಂದಿನಿಂದ ಪಾರಾದ? ಅದನ್ನು ಮೊದಲು ಹೇಳಿ” ಎಂದರು.

ಅದನ್ನು ಹೇಳಬೇಕಾದರೆ ಕೊನೆಯ ಒಗಟನ್ನು ಪೂರ್ತಿ ಓದಬೇಕಿತ್ತು. ಹಳೆಯ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುವ ವ್ಯಾಪಾರಿಯೊಬ್ಬರು ‘ಸಂಪೂರ್ಣ’ ಎಂದು ಮಾರಿದ ಸಂಪುಟದಲ್ಲಿ ಆ ಒಗಟೇ ಇಲ್ಲ! ಮಕ್ಕಳಿಗೆ ಬೇಡವೆಂದು ಯಾರೋ ತೆಗೆದುಹಾಕಿ, ರಾಜ ‘ದಣಿದು ಸುಮ್ಮನಾದ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸಂಕ್ಷಿಪ್ತ ಎಂದು ಮುಖಪುಟದಲ್ಲಿ ಅಚ್ಚು ಹಾಕಲು ಎಷ್ಟು ಶಾಯಿ ಬೇಕು? ದೂರಿದರೆ, ಪುಟಗಳೆಲ್ಲ ಸರಿಯಾಗಿವೆ, ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಬೇರೊಬ್ಬರಿಂದ ತರಿಸಿದ ನೆರಳಚ್ಚು ಪ್ರತಿಯಲ್ಲಿ ಪ್ರತಿ ಸಾಲಿನ ಕೊನೆಯ ಅಕ್ಷರಗಳು ಅಂಚಿನಲ್ಲಿ ಮಾಯವಾಗಿದ್ದವು. ಕಡೆಗೆ ಸ್ನೇಹಿತರೊಬ್ಬರ ಮನೆಯ ಹಳೆಯ ಗದ್ಯಾನುವಾದದಲ್ಲಿ ಕಥೆ ಇಡಿಯಾಗಿ ಸಿಕ್ಕಿತು.

ಅದು ಹೀಗಿದೆ. ಕಾಡಿನಲ್ಲಿ ಒಬ್ಬ ರಾಜ ಮತ್ತು ಅವನ ಮಗ ಇಬ್ಬರು ಹೆಂಗಸರ ಹೆಜ್ಜೆಗುರುತುಗಳನ್ನು ಕಾಣುತ್ತಾರೆ. ದೊಡ್ಡ ಪಾದದವಳು ತಂದೆಗೆ, ಚಿಕ್ಕ ಪಾದದವಳು ಮಗನಿಗೆ ಎಂದು ಮೊದಲೇ ಮಾತಾಗುತ್ತದೆ. ಹೋಗಿ ನೋಡಿದರೆ ಅವರು ತಾಯಿ ಮತ್ತು ಮಗಳು, ದೊಡ್ಡ ಪಾದ ಮಗಳದು! ಕೊಟ್ಟ ಮಾತಿಗೆ ತಪ್ಪದೆ ತಂದೆ ಮಗಳನ್ನು, ಮಗ ತಾಯಿಯನ್ನು ಮದುವೆಯಾಗುತ್ತಾರೆ. ಈ ಎರಡು ಜೋಡಿಗಳಿಗೆ ಹುಟ್ಟುವ ಮಕ್ಕಳು ಪರಸ್ಪರ ಏನಾಗಬೇಕು?

ರಾಜನಿಗೆ ಉತ್ತರ ಹೊಳೆಯುವುದಿಲ್ಲ. ಅವನು ಮಾತಾಡದೆ ನಡೆಯುತ್ತಾನೆ.

ಇದನ್ನು ಓದಿದಾಗ ಮೈ ಜುಮ್ಮೆಂದಿತು. ಬೇತಾಳದ ಷರತ್ತುಗಳನ್ನು ನೆನೆಯಿರಿ: ಬಾಯಿ ತೆರೆದರೆ ಹೆಣ ಮರಕ್ಕೆ ಮರಳುತ್ತದೆ, ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಚೂರಾಗುತ್ತದೆ. ವಿವೇಕಿಯಾದ ರಾಜನಿಗೆ ಈ ಬೋನಿನಿಂದ ಬಿಡುಗಡೆಯೇ ಇಲ್ಲ. ಅವನ ಪ್ರತಿಯೊಂದು ಸರಿಯುತ್ತರವೂ ಅವನನ್ನು ಸ್ಮಶಾನದ ಮರದ ಬುಡಕ್ಕೇ ತಂದು ನಿಲ್ಲಿಸಿದೆ. ಇರುವುದು ಒಂದೇ ಸಂದು, ನಿಜವಾಗಿಯೂ ಗೊತ್ತಿಲ್ಲದಿರುವುದು. ಅದನ್ನು ನಟಿಸುವಂತಿಲ್ಲ, ನಟಿಸಿದರೆ ತಲೆ ಹೋಗುತ್ತದೆ. ಛಲ ಬಿಡದ ತ್ರಿವಿಕ್ರಮನ ಕೈಯಲ್ಲಿ ಛಲವಾಗಲಿ ಖಡ್ಗವಾಗಲಿ ಮಾಡಲಾಗದ್ದನ್ನು ಅರಿಯದಿರುವಿಕೆ ಮಾಡುತ್ತದೆ. ಸಾವಿರ ವರ್ಷದ ಹಿಂದಿನ ಕಥೆಗಾರ ತಾನು ಹಾಕಿದ ಗಂಟನ್ನು ಕತ್ತರಿ ಮುಟ್ಟದೆ ಬಿಡಿಸಿದ್ದಾನೆ. ನನ್ನ ಓದಿನಲ್ಲಿ ಇದಕ್ಕೆ ಸಮನಾದ ಬಿಡುಗಡೆ ಸಿಗುವುದು ಬೋರ್ಹೆಸ್‌ನಲ್ಲಿ, ಬೆಂಕಿ ಸುಡದೇ ಹೋದಾಗ ಕನಸುಗಾರನಿಗೆ ತಾನೂ ಯಾರದೋ ಕನಸೆಂದು ತಿಳಿಯುವ ಆ ಕೊನೆಯಲ್ಲಿ ಮಾತ್ರ.

ಮೇಷ್ಟ್ರು ಕೇಳಿದ್ದಕ್ಕೆ ಉತ್ತರವೂ ಇದೇ, ನಮ್ಮ ಪಟ್ಟಿಯ ತೊಡಕಿಗೆ ಪರಿಹಾರವೂ ಇದೇ. ಬೇತಾಳ ಹೇಳಿದ ಒಂದು ಕಥೆಯನ್ನು ಕಿತ್ತು ತರುವುದರ ಬದಲು ರಾಜನ ನಡಿಗೆಯನ್ನೇ ಕಥೆಯೆಂದು ತೆಗೆದುಕೊಂಡೆವು. ಭಿಕ್ಷು ದಿನವೂ ತರುವ ಹಣ್ಣು, ಕೋತಿ ಕಚ್ಚಿದಾಗ ಅದರೊಳಗಿಂದ ಉದುರುವ ರತ್ನ, ಸ್ಮಶಾನ, ಮೊದಲ ಷರತ್ತು, ನಂತರ ರಾಜ ಉತ್ತರಿಸಿ ಸೋಲುವ ಒಂದು ಕಥೆ, ಆಮೇಲೆ ಕೊನೆಯ ಒಗಟು, ಮೌನ. ಅಡ್ಡಬೀಳುವುದು ಹೇಗೆಂದು ತೋರಿಸು ಎಂದು ರಾಜ ಭಿಕ್ಷುವನ್ನೇ ಕೇಳಿ ಅವನ ತಲೆ ಕಡಿಯುವುದರೊಂದಿಗೆ ಮುಗಿಯುತ್ತದೆ. ನಡುವೆ ಉತ್ತರಿಸುವ ಕಥೆಯಾಗಿ ತಲೆ ಬದಲಾವಣೆಯೇ ಬಂದು ಕೂತಿತು. ತಲೆಯೇ ಪ್ರಧಾನ ಎಂದ ರಾಜ ಕಡೆಗೆ ತಲೆಗೆ ಏನೂ ಹೊಳೆಯದೆ ಗೆಲ್ಲುತ್ತಾನೆ! ಪಕ್ಕಪಕ್ಕ ಇಟ್ಟ ಮೇಲೆಯೇ ಇದು ಕಂಡದ್ದು.

ಹೀಗೆ ಹೊಲಿಯುವುದು ಸರಿಯೇ ಎಂದು ಕೂಟದ ಒಬ್ಬರು ಇನ್ನೂ ಕೇಳುತ್ತಿದ್ದಾರೆ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದೂ ಗದ್ಯಪದ್ಯ ಬೆರೆಸಿದ ಚಂಪೂ ರೂಪದಲ್ಲಿ. ‘ಚಂದಮಾಮ’ ಅದೇ ಹೆಗಲ ಮೇಲೆ ದಶಕಗಳ ಕಾಲ ಹೊಸ ಹೊಸ ಕಥೆ ಏರಿಸಿತು. ಕಥೆಗಳ ಈ ಮನೆತನದಲ್ಲಿ ಹೊಲಿಗೆ ಹಳೆಯ ಕಸುಬು. ನನ್ನ ಮಟ್ಟಿಗೆ ಈ ಪ್ರಶ್ನೆ ಮುಗಿದಿದೆ.

ಗುಹಾಸುರನಿಂದಾಗಿ ಮುಂದಿನ ಯೋಜನೆಯೂ ಹುಟ್ಟಿಕೊಂಡಿತು. ಅವನು ಹರಿಹರದಲ್ಲಿದ್ದಾನೆ, ಚಿತ್ರದುರ್ಗದ ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿಯಿದೆ, ಚನ್ನಗಿರಿಯ ಕಡೆ ಹೋದರೆ ಸೂಳೆಕೆರೆಯ ಶಾಂತವ್ವನ ಕಥೆ ಹೇಳುವವರಿದ್ದಾರೆ. ಮಳೆ ನಿಂತ ಮೇಲೆ ಈ ಎರಡು ಜಿಲ್ಲೆಗಳ ಐತಿಹ್ಯಗಳನ್ನು ಹೇಳುವವರ ಬಾಯಿಂದಲೇ ಕೇಳಿ ದಾಖಲಿಸಬೇಕು. ಮೇಷ್ಟ್ರು ಬರುತ್ತೇನೆಂದಿದ್ದಾರೆ, ಧ್ವನಿಮುದ್ರಣ ಯಂತ್ರವೊಂದು ಬೇಕು.

ಅದಕ್ಕೂ ಮೊದಲು ಹನ್ನೆರಡನೆಯ ಜಾಗದ ಜಗಳವಿದೆ. ಜಪಾನಿನ ಅಕುತಾಗವಾನ ಜೇಡರ ಎಳೆಯ ಕಥೆಯೋ, ಲಾರ್ಡ್ ಡನ್ಸೇನಿಯ, ಮನುಷ್ಯರನ್ನು ತಿನ್ನುವ ಗಿಬೆಲಿನ್‌ಗಳ ಕಥೆಯೋ ಎಂದು ಭಾನುವಾರ ತೀರ್ಮಾನವಾಗಬೇಕು. ನನ್ನ ಮತ ಜೇಡರ ಎಳೆಗೆ. ಡನ್ಸೇನಿಯ ಪರ ವಾದವಿರುವವರು ಕಥೆಯನ್ನು ಇನ್ನೊಮ್ಮೆ ಓದಿಕೊಂಡೇ ಬನ್ನಿ.