ಟ್ಯಾಂಕ್ ತುಂಬ ಬಸವನಹುಳು, ಏನು ಔಷಧಿ ಹಾಕಲಿ?

ಮೀನು ಸಾಕುವವರು ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. "ನಾನು ಒಂದೂ ಬಸವನಹುಳು ತಂದಿರಲಿಲ್ಲ. ಈಗ ನೋಡಿದ್ರೆ ಗಾಜಿನ ತುಂಬ ಅವೇ. ಏನು ಹಾಕಿದ್ರೆ ಹೋಗುತ್ತೆ?" ಜೊತೆಗೆ ಒಂದು ಫೋಟೋ ಬರುತ್ತದೆ. ಗಾಜಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಮರಿಗಳು, ಫಿಲ್ಟರ್ ಪೈಪಿನ ಸುತ್ತ ಕಡಲೆ ಗಾತ್ರದ ದೊಡ್ಡವು.

ಔಷಧಿ ಬೇಡ ಅಂತಲೇ ನಾನು ಹೇಳುವುದು. ಆಮೇಲೆ ಕೇಳುವುದು ಒಂದೇ ಮಾತು: ನಿಮ್ಮ ಮನೆಯಲ್ಲಿ ಮೀನಿಗೆ ಯಾರು ಯಾರು ಊಟ ಹಾಕುತ್ತಾರೆ?

ನಮ್ಮ ಮನೆಯಲ್ಲಿ ಮೂರು ಜನ ಹಾಕುತ್ತಿದ್ದೆವು. ಬೆಳಿಗ್ಗೆ ಪೂಜೆ ಮುಗಿಸಿ ಅಮ್ಮ ಒಂದು ಚಿಟಿಕೆ ಹಾಕುತ್ತಿದ್ದರು. ಸಂಜೆ ಸ್ಕೂಲಿಂದ ಬಂದ ಮಗಳು ಒಂದು ಚಿಟಿಕೆ. ಇಬ್ಬರೂ ಹಾಕಿರಲಿಕ್ಕಿಲ್ಲ ಅಂದುಕೊಂಡು ರಾತ್ರಿ ನಾನೊಂದು ಚಿಟಿಕೆ. 2 ಅಡಿ ಉದ್ದದ ಟ್ಯಾಂಕ್, ಹತ್ತು ಗಪ್ಪಿ. ಗಪ್ಪಿಗೆ ಎಷ್ಟು ಕೊಟ್ಟರೂ ಹಸಿವು. ಗಾಜಿನ ಹತ್ತಿರ ಹೋದರೆ ಸಾಕು, ಬಾಯಿ ತೆರೆದುಕೊಂಡು ಓಡಿ ಬರುತ್ತವೆ. ಪಾಪ ಅನಿಸುತ್ತದೆ, ಮತ್ತೆ ಹಾಕುತ್ತೇವೆ. ಅವು ತಿಂದು ಬಿಟ್ಟ ಕಾಳು ಜಲ್ಲಿಕಲ್ಲಿನ ಸಂದಿಗೆ ಇಳಿಯುತ್ತದೆ. ಅದು ಬಸವನಹುಳುವಿನ ಪಾಲು. ಊಟ ಇದ್ದಷ್ಟು ದಿನ ಅವು ಮೊಟ್ಟೆ ಇಡುತ್ತಲೇ ಇರುತ್ತವೆ. ಹತ್ತು ಹುಳು ತೆಗೆದರೆ ಆ ಊಟಕ್ಕೆ ಇನ್ನು ಹತ್ತು ಮರಿ ಬೆಳೆಯುತ್ತವೆ, ಅಷ್ಟೇ.

ಔಷಧಿ ಯಾಕೆ ಬೇಡ ಅಂದರೆ, ನಾನೇ ಒಮ್ಮೆ ಹಾಕಿ ನೋಡಿದ್ದೇನೆ. ಬಸವನಹುಳು ಕೊಲ್ಲುವ ಔಷಧಿಗಳಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ರಾತ್ರಿ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ತಳದ ತುಂಬ ಸತ್ತ ಹುಳುಗಳು, ನೀರು ಮಸುಕಾಗಿ ಕೆಟ್ಟ ವಾಸನೆ. ನೂರಾರು ಹುಳು ಒಟ್ಟಿಗೆ ಕೊಳೆತಾಗ ಅಮೋನಿಯಾ ಏರುತ್ತದೆ, ಮೀನಿನ ಕಿವಿರು ಸುಡುತ್ತದೆ. ಗಪ್ಪಿಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಅರ್ಧ ನೀರು ಬದಲಾಯಿಸಿದೆ, ಸಂಜೆ ಮತ್ತೆ ಬದಲಾಯಿಸಿದೆ. ಆದರೂ ನಾಲ್ಕು ಹೋದವು. ಜೊತೆಗಿದ್ದ ಪುಟ್ಟ ಸೀಗಡಿಗಳಂತೂ ಒಂದೂ ಉಳಿಯಲಿಲ್ಲ. ಸೀಗಡಿಗೆ ತಾಮ್ರ ವಿಷ. ಇಷ್ಟೆಲ್ಲ ಆದ ಮೇಲೂ ಎರಡು ವಾರಕ್ಕೆ ಗಾಜಿನ ಮೇಲೆ ಹೊಸ ಮರಿಗಳು ಕಾಣಿಸಿದವು. ಅವತ್ತಿನಿಂದ ಯಾರಿಗೂ ನಾನು ಔಷಧಿ ಹೇಳುವುದಿಲ್ಲ.

ನಿಮ್ಮ ಟ್ಯಾಂಕಿನಲ್ಲಿ ಇರುವುದು ಯಾವ ಹುಳು ಅಂತ ಒಮ್ಮೆ ನೋಡಿಕೊಳ್ಳಿ. ಸಾಮಾನ್ಯವಾಗಿ ಬರುವುದು ಮೂರು. ಮೊದಲನೆಯದು ಬ್ಲ್ಯಾಡರ್ ಸ್ನೇಲ್. ಚಿಪ್ಪಿನ ತುದಿ ಮೇಲೆ, ಬಾಯಿ ನಿಮ್ಮ ಕಡೆ ಬರುವಂತೆ ಹಿಡಿಯಿರಿ. ಬಾಯಿ ಎಡಕ್ಕಿದ್ದರೆ ಅದೇ. ಎರಡನೆಯದು ರಾಮ್ಸ್‌ಹಾರ್ನ್, ಚಕ್ಕುಲಿ ಸುತ್ತಿದ ಹಾಗೆ ಚಪ್ಪಟೆ. ಇದರ ರಕ್ತದಲ್ಲಿ ನಮ್ಮದರ ಹಾಗೆ ಹಿಮೋಗ್ಲೋಬಿನ್ ಇದೆ, ಅದಕ್ಕೇ ಕೆಲವು ಕೆಂಪಗೆ ಕಾಣುತ್ತವೆ. ಈ ಎರಡೂ ಜಾತಿಯಲ್ಲಿ ಒಂದೇ ಹುಳು ಗಂಡೂ ಹೌದು, ಹೆಣ್ಣೂ ಹೌದು. ಗಿಡದ ಜೊತೆ ಒಂದೇ ಒಂದು ಬಂದರೂ ಸಂಸಾರ ಶುರುವಾಗುತ್ತದೆ. ಎಲೆಯ ಅಡಿಯಲ್ಲಿ ಪಾರದರ್ಶಕ ಅಂಟಿನ ಮುದ್ದೆ ಕಂಡರೆ ಅದು ಮೊಟ್ಟೆ. ಒಮ್ಮೆ ಭೂತಗನ್ನಡಿ ಹಿಡಿದು ನೋಡಿ. ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ ಒಂದೊಂದು ಲೋಳೆಯೊಳಗೂ ಒಂದೊಂದು ಚುಕ್ಕೆ ಇರುತ್ತದೆ. ಕೆಲವು ದಿನಕ್ಕೆ ಆ ಚುಕ್ಕೆ ಒಳಗೇ ತಿರುಗಲು ಶುರು ಮಾಡುತ್ತದೆ. ನನ್ನ ಮಗಳು ಅದನ್ನು ನೋಡಿದ ಮೇಲೆ ಆ ಎಲೆ ಕೀಳಲು ಬಿಡಲೇ ಇಲ್ಲ.

ಮೂರನೆಯದು ಮಲೇಷಿಯನ್ ಟ್ರಂಪೆಟ್. ಉದ್ದಕ್ಕೆ, ಮೊನಚಾಗಿ, ಬುಗುರಿ ಮೊಳೆಯ ಹಾಗೆ ಇರುತ್ತದೆ. ಹಗಲು ಮರಳಿನೊಳಗೆ ಹೂತುಕೊಂಡು ಮಲಗುತ್ತದೆ. ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ, ಅದಕ್ಕೆ ಗಂಡೂ ಬೇಕಿಲ್ಲ. ರಾತ್ರಿ ಲೈಟ್ ಆರಿಸಿ ಒಂದೆರಡು ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ, ಮರಳೇ ನಡೆಯುತ್ತಿರುವಂತೆ ಕಾಣುತ್ತದೆ. ಇವನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ. ತೆಗೆಯಲೂ ಬೇಡಿ ಅನ್ನುತ್ತೇನೆ ನಾನು. ಮರಳನ್ನು ಕೆದಕಿ ಸಡಿಲವಾಗಿ ಇಡುತ್ತವೆ. ಹಗಲಲ್ಲೇ ಎಲ್ಲ ಹುಳುಗಳೂ ಗಾಜು ಹತ್ತಿ ನೀರಿನ ಮೇಲ್ಮಟ್ಟಕ್ಕೆ ಬಂದರೆ ಏನೋ ಸರಿಯಿಲ್ಲ ಅಂತ ಅರ್ಥ. ತಕ್ಷಣ ನೀರು ಪರೀಕ್ಷೆ ಮಾಡಿ.

"ಗಿಡ ತಿಂದು ತೂತು ಮಾಡ್ತಿವೆ" ಅನ್ನುವ ದೂರು ಜಾಸ್ತಿ. ಈ ಮೂರೂ ತಿನ್ನುವುದು ಹೆಚ್ಚಾಗಿ ಪಾಚಿ, ಕೊಳೆತ ಎಲೆ, ಉಳಿದ ಊಟ. ಹಳೆಯ ಎಲೆಯಲ್ಲಿ ಸಣ್ಣ ಸಣ್ಣ ತೂತು ಬೀಳುವುದು ಎಷ್ಟೋ ಸಲ ಪೊಟ್ಯಾಶಿಯಂ ಕೊರತೆಯಿಂದ. ಹಾಗೆ ಕೊಳೆತ ಜಾಗಕ್ಕೆ ಹುಳು ಬಂದು ಕೂರುತ್ತದೆ, ತಪ್ಪು ಅದರ ತಲೆಗೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ಊಟ ಹಾಕುವ ಕೆಲಸ ಒಬ್ಬರಿಗೆ ಕೊಡಿ. ದಿನಕ್ಕೆ ಒಂದೇ ಸಲ, 2 ನಿಮಿಷದಲ್ಲಿ ಖಾಲಿಯಾಗುವಷ್ಟು. ವಾರಕ್ಕೊಂದು ದಿನ ಉಪವಾಸ. ಬೆಳೆದ ಮೀನಿಗೆ ಇದರಿಂದ ಏನೂ ಆಗುವುದಿಲ್ಲ. ನಮ್ಮಲ್ಲಿ ಡಬ್ಬಿಯ ಮೇಲೆ ಮಗಳು ಕ್ಯಾಲೆಂಡರ್ ಚೀಟಿ ಅಂಟಿಸಿದ್ದಾಳೆ. ಹಾಕಿದವರು ಗೀಟು ಹಾಕಬೇಕು, ಗೀಟು ಇದ್ದರೆ ಡಬ್ಬಿ ಮುಟ್ಟುವ ಹಾಗಿಲ್ಲ. ಅಮ್ಮನಿಗೆ ಮೊದಮೊದಲು ಬೇಸರವಾಯಿತು, ಈಗ ಅವರೇ ಕಾಯುತ್ತಾರೆ.

ಇದರ ಜೊತೆ ರಾತ್ರಿ ಸೌತೆಕಾಯಿ ಹಾಕಿ. ಒಂದು ದಪ್ಪ ಬಿಲ್ಲೆ ಕತ್ತರಿಸಿ, ಬಿಸಿನೀರಲ್ಲಿ ಸ್ವಲ್ಪ ಮೆತ್ತಗಾಗಿಸಿ, ಸ್ಟೀಲ್ ಫೋರ್ಕ್‌ಗೆ ಚುಚ್ಚಿ ತಳಕ್ಕೆ ಇಳಿಸಿ. ಬೆಳಿಗ್ಗೆ ಲೈಟ್ ಹಾಕುವ ಮೊದಲು ಮೆಲ್ಲಗೆ ಎತ್ತಿದರೆ ಅದರ ಮೇಲೆ ಮುತ್ತಿಕೊಂಡಿರುತ್ತವೆ. ಮೊದಲ ದಿನ ನನಗೆ 63 ಸಿಕ್ಕವು. ಬಿಲ್ಲೆಯನ್ನು ಹಗಲೂ ಬಿಟ್ಟರೆ ಅದೇ ಅವುಗಳ ಊಟವಾಗುತ್ತದೆ, ಮರೆಯಬೇಡಿ. ವಾರಕ್ಕೊಮ್ಮೆ ನೀರು ಬದಲಾಯಿಸುವಾಗ ಸೈಫನ್ ಪೈಪನ್ನು ಜಲ್ಲಿಯೊಳಗೆ ಚುಚ್ಚಿ ಕಸ ಎಳೆಯಿರಿ. ಒಂದೂವರೆ ತಿಂಗಳು ಹೀಗೆ ಮಾಡಿದ ಮೇಲೆ ನಮ್ಮ ಗಾಜು ಖಾಲಿಯಾಯಿತು. ಹುಡುಕಿದರೆ ಈಗಲೂ ಐದಾರು ಸಿಗುತ್ತವೆ. ಇರಲಿ, ಪಾಚಿ ತಿನ್ನುತ್ತವೆ.

ಹುಳು ತಿನ್ನುವ ಮೀನು ತರಲಾ ಅಂತಲೂ ಕೇಳುತ್ತಾರೆ. ಅಂಗಡಿಯಲ್ಲಿ ಝೀಬ್ರಾ ಲೋಚ್ ಅಂತ ಸಿಗುವ ಪಟ್ಟೆ ಮೀನು ನಮ್ಮ ಪಶ್ಚಿಮ ಘಟ್ಟದ ನದಿಗಳದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ 1920ರಲ್ಲಿ ತುಂಗಾ ನದಿಯ ಈ ಮೀನನ್ನು ಹೊಸ ಜಾತಿ ಅಂತ ಗುರುತಿಸಿ ಹೆಸರಿಟ್ಟರು. ಇಂದು ಅದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿದೆ. ಹುಳು ತಿನ್ನುವ ಇನ್ನೊಂದು ಮೀನು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಕುಳ್ಳ ಪಫರ್. ಅದೂ ಕೇರಳ ಮತ್ತು ಕರ್ನಾಟಕದ ಹೊಳೆಗಳದ್ದೇ, ಅದಕ್ಕೂ ಅಪಾಯ ಇದೆ. ಲೋಚ್‌ಗಳು ಐದಾರು ಜೊತೆಗಿದ್ದರೇ ನೆಮ್ಮದಿ. ಪಫರ್ ಗಪ್ಪಿಯ ಬಾಲ ಕಚ್ಚುತ್ತದೆ. ನಾವು ಹೆಚ್ಚಿಗೆ ಹಾಕಿದ ಕಾಳಿಗಾಗಿ ತುಂಗೆಯ ಮೀನನ್ನು ತಂದು ಸಣ್ಣ ಟ್ಯಾಂಕಿನಲ್ಲಿ ಕೂಡಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಹೊಸ ಗಿಡ ತಂದಾಗ ಒಂದು ಲೀಟರ್ ನೀರಿಗೆ ಒಂದು ಚಮಚ ಪಟಿಕದ ಪುಡಿ ಕರಗಿಸಿ ಎರಡು ಮೂರು ಗಂಟೆ ನೆನೆಸಿ, ಚೆನ್ನಾಗಿ ತೊಳೆಯಿರಿ. ಆಮೇಲೆ ಎರಡು ಮೂರು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿ. ಮೊಟ್ಟೆ ಉಳಿದಿದ್ದರೆ ಅಷ್ಟರಲ್ಲಿ ಮರಿ ಕಾಣಿಸುತ್ತದೆ.

ತೆಗೆದ ಹುಳುಗಳನ್ನು ಮಾತ್ರ ಕೆರೆಗೋ ಮೋರಿಗೋ ಬಿಡಬೇಡಿ. ಆ ಬ್ಲ್ಯಾಡರ್ ಸ್ನೇಲ್ ಉತ್ತರ ಅಮೆರಿಕದ್ದು, ಹೀಗೇ ಗಿಡಗಳ ಜೊತೆ ಊರೂರು ಸುತ್ತಿ ಪ್ರಪಂಚವೆಲ್ಲ ಹರಡಿದೆ. ನಾನು ಚಿಕ್ಕವನ್ನು ಗಾಜಿಗೆ ಒತ್ತಿ ಒಡೆದು ಅಲ್ಲೇ ಬಿಡುತ್ತೇನೆ, ಗಪ್ಪಿಗಳು ಮುಗಿಬಿದ್ದು ತಿನ್ನುತ್ತವೆ. ದೊಡ್ಡವನ್ನು ಜಜ್ಜಿ ಗುಲಾಬಿ ಕುಂಡದ ಮಣ್ಣಿನಲ್ಲಿ ಹೂಳುತ್ತೇನೆ. ಟ್ಯಾಂಕಿನ ಹಳೆ ನೀರೂ ಆ ಕುಂಡಕ್ಕೇ ಹೋಗುತ್ತದೆ.